ಷರಾ

ಟ್ರಂಕಿನಲ್ಲಿ ಮಾವನ ಲೆವೆಲ್ ಪುಸ್ತಕಗಳು, ಮೂವತ್ತೊಂದು.
ಕೆಂಪು ರಟ್ಟು. ಗೆದ್ದಲು ಅಂಚಿನ ರುಚಿ ನೋಡಿ ಬಿಟ್ಟುಹೋಗಿದೆ.
ಎಡಕ್ಕೆ ಅಂಕಿಗಳು: ಹಿನ್ನೋಟ, ಮುನ್ನೋಟ, ಏರು, ಇಳಿವು.
ಬಲತುದಿಗೆ ಒಂದು ಕಿರಿದಾದ ಕಾಲಂ, ಷರಾ.
‘ಮೋರಿಯ ಎಡಗಲ್ಲು’, ‘ಹಲಸಿನ ಬುಡ’
ಎಂದೆಲ್ಲ ಅಲ್ಲಿ ಬರೆಯಬೇಕು, ಇಲಾಖೆಯ ರೂಢಿ.
ಮಾವ ಬರೆದದ್ದು:
‘ಬೋಜಿಗೆ ಜ್ವರ, ನೂರಾ ಎರಡು. ಮಧ್ಯಾಹ್ನವೇ ಮನೆಗೆ.’

ಬೋಜಿ ನಾನು. ತಂಗಿಯ ಮಗಳು,
ಎರಡು ಲಂಗದ ಗಂಟಿನ ಜೊತೆ ಅವನ ಪಾಲಿಗೆ ಬಂದವಳು.

ನಾಪೋಕ್ಲು ಸಂತೆಯಲ್ಲಿ ಮೊಣ್ಣಪ್ಪ ಇಂಜಿನಿಯರು ಎಂದರೆ
ಯಾರೂ ತಲೆಯೆತ್ತುತ್ತಿರಲಿಲ್ಲ.
ನೀರಿನ ಮೊಣ್ಣಪ್ಪ ಅನ್ನಬೇಕು.

ಓದಿದ್ದು ಮೈಸೂರಿನಲ್ಲಿ. ಕಲಿತದ್ದು ಅದಕ್ಕೂ ಮೊದಲು,
ಅಜ್ಜ ಕೆಸರುಗದ್ದೆಗೆ ಮರ ಹೊಡೆಯುವಾಗ
ಹಲಗೆಯ ಮೇಲೆ ಭಾರಕ್ಕೆಂದು ನಿಲ್ಲಿಸಿದ ಏಳು ವರ್ಷದವನು.
ಎಮ್ಮೆಯ ಬಾಲ ಮುಖಕ್ಕೆ ಬಡಿಯುತ್ತಿದ್ದರೂ ನೋಡುತ್ತಿದ್ದನಂತೆ:
ಮಣ್ಣಿನ ಬೆನ್ನು ಕಂಡಲ್ಲಿ ಎತ್ತರ,
ಆಕಾಶ ಬಿದ್ದಲ್ಲಿ ತಗ್ಗು.
ಮುಂದೆ ಕಾಲೇಜಿನ ಮೇಷ್ಟ್ರು ಹಿತ್ತಾಳೆ ಯಂತ್ರ ನಿಲ್ಲಿಸಿ
ಗುಳ್ಳೆಯನ್ನು ನಡುವಿಗೆ ತಂದು
‘ನೋಡಿ, ಇದು ಸಮಮಟ್ಟ’ ಅಂದಾಗ
ಒಬ್ಬನೇ ನಕ್ಕು, ಗಂಟೆಯಿಡೀ ಹೊರಗೆ ನಿಂತ.

ಒಂಬತ್ತನೇ ಪುಸ್ತಕ:
‘ಕಂಟ್ರಾಕ್ಟರು ಕಿತ್ತಳೆ ಚೀಲ ಇಟ್ಟುಹೋದ. ವಾಪಸು.
ಒಂದು ಹಣ್ಣು ಕಡಿಮೆ. ಅದರ ಬಾಬ್ತು ಎಂಟಾಣೆ.’
ಆ ಹಣ್ಣು ಎಲ್ಲಿ ಹೋಯಿತು ಎಂದು ಬರೆದಿಲ್ಲ.
ಸಿಪ್ಪೆಯನ್ನು ನಾನು ಒಲೆಯ ಬೂದಿಯಲ್ಲಿ ಹೂತಿದ್ದೆ.

ಬೊಳ್ಳವ್ವ ಅತ್ತೆಯ ಬಲಗಡೆ ಬಿದ್ದುಹೋದ ವರ್ಷ
ಮಂಚದಿಂದ ಅಂಗಳಕ್ಕೆ ಇಳಿಜಾರು ಕಟ್ಟಿದ,
ಹನ್ನೆರಡಡಿಗೆ ಒಂದಡಿ. ಪಕ್ಕದಲ್ಲಿ ಪೈಪಿನ ಕೈಹಿಡಿ.
ಬಾಗಿಲ ತನಕ, ದಾಸವಾಳದ ತನಕ, ಕೊಟ್ಟಿಗೆಯ ತನಕ
ದಿನಕ್ಕೊಂದು ಓದು.
ಅವಳು ಬೈಯುತ್ತಿದ್ದಳು, ‘ನಾನೇನು ನಿಮ್ಮ ರಸ್ತೆಯೇ?’
ಅದನ್ನೂ ಬರೆದಿದ್ದಾನೆ.

ಅವಳ ಮಾದ ಮುಗಿದ ಮರುದಿನದ ಪುಟದಲ್ಲಿ ಷರಾ ಖಾಲಿ.
ಅಂಕಿಗಳಿವೆ. ಯರವರ ಹಾಡಿಗೆ ಒರತೆಯಿಂದ ಪೈಪು,
ಸಂಬಳವಿಲ್ಲದ ಕೆಲಸ, ರಜೆ ಹಾಕಿ ಹೋಗಿದ್ದು.
ಐದು ಓದು ತಪ್ಪು.
ಐದನ್ನೂ ಹೊಡೆದು ಮತ್ತೆ ಬರೆದಿದ್ದಾನೆ.
ಹಾಡಿಯ ನಲ್ಲಿ ಈಗಲೂ ಮೋಟಾರಿಲ್ಲದೆ ಸುರಿಯುತ್ತದೆ.

ಹದಿನೇಳನೆಯದನ್ನು ತೆಗೆಯಲು ಕೈ ಹಿಂಜರಿಯುತ್ತದೆ.
‘ಮೂರಡಿ ಪೈಪು ಬೇಕಿತ್ತು. ಎಸ್ಟಿಮೇಟು ಕತ್ತರಿಸಿದರು.
ಎರಡಡಿಗೆ ಸಹಿ ಹಾಕಿದೆ.
ಸಹಿ ನನ್ನದು.’
ಆ ಕಕ್ಕಡದಲ್ಲಿ ಮೋರಿ ರಸ್ತೆ ಸಮೇತ ಹೋಯಿತು.
ಹೆರಿಗೆಗೆ ಹೊರಟ ಜೀಪು ಈಚೆ ದಡದಲ್ಲೇ ಬೆಳಗು ಮಾಡಿತು.
ತಾಯಿ ಉಳಿದಳು.

ಆಮೇಲೆ ಪ್ರತಿ ಕಕ್ಕಡವೂ, ನಿವೃತ್ತಿಯ ಮೇಲೆ ಹದಿನಾಲ್ಕು,
ಗೊರಗ ಹೊತ್ತು, ಕತ್ತಿ ಹಿಡಿದು ಹೋಗುತ್ತಿದ್ದ
ಮೋರಿಯ ಬಾಯಿಗೆ ಸಿಕ್ಕ ಕೊಂಬೆ, ಬಿದಿರು, ಸತ್ತ ಕೋಳಿ
ಎಳೆದು ಹಾಕಲು.
‘ಈಗ ಹೊಸತು ಕಟ್ಟಿದ್ದಾರಲ್ಲ ಮಾವ, ಆರಡಿಯದು.’
‘ಆರಡಿಗೂ ಬಾಯಿ ಒಂದೇ, ಬೋಜಿ.’

ಕೊನೆಯ ಪುಸ್ತಕದಲ್ಲಿ ಅರ್ಧ ಪುಟ.
ಹೊಸ್ತಿಲು: ನೂರು. ಅದರ ಮೇಲೆ
ವರುಷ ವರುಷದ ನನ್ನ ಎತ್ತರ, ಹಳೆಯ ಪುಸ್ತಕಗಳಿಂದ ಹೆಕ್ಕಿ
ಒಂದರ ಕೆಳಗೊಂದು ನಕಲು ಮಾಡಿದ್ದಾನೆ, ನಡುಗುವ ಅಕ್ಷರ.
ಒಂಬತ್ತನೇ ಕ್ಲಾಸಿನ ಎದುರು
ಒಂದೇ ಮಾತು:
‘ಎಂಟಾಣೆ.’

ಗೊತ್ತಿತ್ತು ಹಾಗಾದರೆ.

ಬೆಳಗಿನಿಂದ ಮಳೆ ಬಿಟ್ಟಿಲ್ಲ.
ಪುಸ್ತಕಗಳನ್ನು ಒಳಗಿಟ್ಟು ಟ್ರಂಕು ಮುಚ್ಚಿದ್ದೇನೆ.
ಗೊರಗ ಮೊಳೆಯಲ್ಲೇ ಇದೆ.
ಕತ್ತಿ ಎಲ್ಲಿಡುತ್ತಿದ್ದ
ಎಂದು ಹುಡುಕುತ್ತಿದ್ದೇನೆ.