ಮೊದಲ ಸಾಲು

ಮೊದಲ ಸಾಲಿಗೇ ಜಗಳ.
"ನಮ್ಮ ಮನೆ ಕಡಲಿಗೆ ಬೆನ್ನು ಹಾಕಿ ನಿಂತಿತ್ತು"
ಎಂದು ಬರೆಸಿದಳು ಎದೆಲ್ಮಿರಾ ದೊಡ್ಡಮ್ಮ.
ಬೆನ್ನಲ್ಲ, ಮುಖ, ಎಂದ ರೊಸಾಮೆಲ್ ಮಾವ
ಒಲೆಯ ಮೇಲಿನ ಆಲೂಗಡ್ಡೆ ತಿರುವುತ್ತಾ.
ಕಿಟಕಿಯಿಂದಲೇ ಅಪ್ಪನ ದೋಣಿ ಕಾಣುತ್ತಿತ್ತಲ್ಲ!

ಕಾಟು ಹೊಡೆದೆ. ಬರೆದೆ. ಮತ್ತೆ ಕಾಟು.
ಚಿಲೊಯೆಯ ಗಾಳಿ ಹಲಗೆಯ ಸಂದಿಯಿಂದ ನುಗ್ಗಿ
ಹಾಳೆ ಮಗುಚಿತು.

ಮೂಲೆಯಲ್ಲಿ ಉಣ್ಣೆ ನೂಲುತ್ತಿದ್ದ ಕ್ಲೋರಿಂದಾ ಅಜ್ಜಿ
ಕದಿರು ನಿಲ್ಲಿಸದೆಯೇ ಅಂದಳು:
ಇಬ್ಬರದೂ ಸರಿಯೇ.
ಭೂಕಂಪದ ಮರುವರ್ಷ ಮನೆಯನ್ನೇ ಎಳೆದೆವು,
ಹನ್ನೆರಡು ಜೊತೆ ಎತ್ತು, ಕೆಳಗೆ ದಿಮ್ಮಿ,
ಉಬ್ಬರ ಏರಿದಾಗ ನೀರಿಗಿಳಿಸಿ
ಆಚೆ ದಡಕ್ಕೆ ತೇಲಿಸಿದೆವು.
ಬಾಗಿಲಲ್ಲಿ ನಾನು, ಬಕೆಟ್ಟಿನಲ್ಲಿ ಒಲೆಯ ಕೆಂಡ,
ಹೊಟ್ಟೆಯಲ್ಲಿ ಈ ರೊಸಾಮೆಲ್.
ಎದೆಲ್ಮಿರಾ, ನಿನ್ನನ್ನು ಅಷ್ಟರಲ್ಲಿ
ಕಾಸ್ತ್ರೋದ ಸೋದರತ್ತೆಗೆ ಕೊಟ್ಟಾಗಿತ್ತು.
ನಿನಗೆ ಮನೆ ಅಂದರೆ ಹಳೆಯ ದಡವೇ.

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿದಳು.
ಒರೆಸುತ್ತಲೇ ಇದ್ದಳು.
ಇದನ್ನು ಬರೆಯಲೋ ಬೇಡವೋ ತಿಳಿಯದೆ
ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.
ಆಲೂಗಡ್ಡೆ ಸೀದ ವಾಸನೆ.

ಹತ್ತು ವರ್ಷದ ನಾಯಾದೆತ್ ಕೇಳಿದಳು:
ನಡುನೀರಲ್ಲಿದ್ದಾಗ ಮನೆಯ ವಿಳಾಸ ಏನು, ಮುತ್ತಜ್ಜಿ?
ಯಾರಲ್ಲೂ ಉತ್ತರವಿಲ್ಲ.
ಪೆನ್ನು ಅವಳೇ ಕಸಿದುಕೊಂಡು
ದಪ್ಪಕ್ಷರದಲ್ಲಿ ಬರೆದಳು:
"ನಮ್ಮ ಮನೆ ಬರುತ್ತಾ ಇತ್ತು."

ದೊಡ್ಡಮ್ಮ ಓದಿದಳು. ಕಾಟು ಹೊಡಿ ಅನ್ನಲಿಲ್ಲ.
ಅಜ್ಜಿ ಮಾತ್ರ,
"ಎಡಕ್ಕೆ ವಾಲಿಕೊಂಡು, ಅಂತ ಸೇರಿಸು."