ಗುರುವಾರದ ಕುರ್ಚಿ

ತ್ರಿಯೆಸ್ತೆಯ ಬಂದರಿನ ಹಿಂದೆ, ಇಗರ್ಜಿಯ ನೆಲಮಾಳಿಗೆಯಲ್ಲಿ
ಗುರುವಾರ ಗುರುವಾರ ನಾನು ಕಾಲುಗುರು ಕತ್ತರಿಸುತ್ತೇನೆ.
ಎರಡು ಬೋಗುಣಿ, ಒಂದು ಕುರ್ಚಿ,
ಮೂವತ್ತು ವರ್ಷ ದೋಣಿಯ ಹಾಯಿ ಹೊಲಿದು
ಮಂಜಾದ ಕಣ್ಣಿಗೊಂದು ಕನ್ನಡಕ.

"ಆ ಕುರ್ಚಿಯಲ್ಲಿ ಕೂತವನು ಅವನೇ, ನೀವೆಸ್,"
ಎಂದಿದ್ದರು ಪಾದ್ರಿ ಎಜಿಡಿಯೊ, ಮೊದಲ ದಿನ.
ನಂಬಿದೆ. ಹನ್ನೊಂದು ವರ್ಷದಿಂದ
ಪ್ರತಿ ಪಾದವನ್ನೂ ತಿರುಗಿಸಿ ನೋಡಿದ್ದೇನೆ,
ಮೊಳೆ ಹೊಕ್ಕ ಗುರುತಿದೆಯೇ ಎಂದು.
ಸಿಕ್ಕಿದ್ದು ಆಣಿ, ಹುಣ್ಣು, ಕಪ್ಪಿಟ್ಟ ಹೆಬ್ಬೆರಳು,
ಕಾಲುಚೀಲದ ಬದಲು ಸುತ್ತಿದ ಹಳೇ ಪತ್ರಿಕೆ,
ಒದ್ದೆ ಹಿಮ್ಮಡಿಯ ಮೇಲೆ ತಿರುವುಮುರುವಾಗಿ ಅಚ್ಚೊತ್ತಿದ
ಯಾವುದೋ ಫುಟ್‌ಬಾಲ್ ಪಂದ್ಯದ ಫಲಿತಾಂಶ.

ಉಲ್ದೆರಿಕೊ ಬಂದನೆಂದರೆ ಮೈಯೆಲ್ಲ ಉರಿ.
ಹಿಂದೆ ಕ್ರೇನ್ ಓಡಿಸುತ್ತಿದ್ದವ; ಈಗ ನಾಲಗೆ ಹರಿಬಿಡುತ್ತಾನೆ.
ನೀರು ಸುಡುತ್ತದೆ ಎನ್ನುತ್ತಾನೆ; ತಣ್ಣೀರು ಬೆರೆಸಿದರೆ
ಹೆಣ ತೊಳೀತೀಯಾ ಎನ್ನುತ್ತಾನೆ.
ಹೋಗುವಾಗ ಸೋಪು ಕದಿಯುತ್ತಾನೆ.
ಕಂಡೂ ಕಾಣದಂತಿರುತ್ತೇನೆ,
ಕ್ಷಮೆಯಿಂದಲ್ಲ, ಬೇಗ ತೊಲಗಲಿ ಎಂದು.
ದೇವರೇ, ಇವನು ನೀನೇ ಆಗಿದ್ದರೆ
ನಿನ್ನನ್ನು ಹೆತ್ತವಳ ಮೇಲೆ ನನಗೆ ಮರುಕ.

ಚಳಿ ಹಿಡಿದಾಗ ಒಬ್ಬ ಹುಡುಗ ಬಂದ, ಝಲ್ಮಯ್,
ಆಫ್ಘನ್ ಬೆಟ್ಟದಿಂದ ಇಲ್ಲಿಯ ತನಕ ಹೆಚ್ಚುಕಡಿಮೆ ನಡೆದೇ.
ಗಾಯ ಯಾವುದು ಕಾಲು ಯಾವುದು ತಿಳಿಯುವಂತಿರಲಿಲ್ಲ.
ನಾನು ಮಂಡಿಯೂರಿದ್ದೇ ತಡ, ಸರಕ್ಕನೆ
ಕುರ್ಚಿಯಡಿಗೆ ಎಳೆದುಕೊಂಡ. ನನ್ನ ನರೆಗೂದಲು ತೋರಿಸಿ
"ಮಾದ್ರೆ" ಎಂದ, ತಾಯಿ ಎಂದು,
ಅವನಿಗೆ ಬರುತ್ತಿದ್ದ ಮೂರು ಇಟಾಲಿಯನ್ ಪದಗಳಲ್ಲಿ ಒಂದು ಅದು.
ಎಷ್ಟು ಹೇಳಿದರೂ ಕಾಲು ಕೊಡಲಿಲ್ಲ.
ಕೊನೆಗೆ ಅವನೇ ತೊಳೆದುಕೊಂಡ. ನಾನು ಹೂಜಿ ಹಿಡಿದು ನಿಂತು
ನೀರು ಹೊಯ್ದೆ, ಮುಖ ಆಚೆ ತಿರುಗಿಸಿ,
ಅವನು ಹಲ್ಲು ಕಚ್ಚುವುದು ಕಾಣಬಾರದೆಂದು.
ಗುರುತು ಹುಡುಕುವುದು ಅವತ್ತು ಮರೆತೇಹೋಯಿತು.

ಕಳೆದ ವಾರ ಬೋರಾ ಗಾಳಿ. ಹಿಂದೆಲ್ಲ ಇಂಥ ದಿನ
ಬೀದಿಗೆ ಹಗ್ಗ ಕಟ್ಟುತ್ತಿದ್ದರು, ಜನ ಹಿಡಿದು ನಡೆಯಲೆಂದು.
ಯಾರೂ ಬರಲಿಲ್ಲ, ಉಲ್ದೆರಿಕೊ ಹೊರತು.
ಸೋಪು ಮುಗಿದಿತ್ತು. ಮುಗಿದಿದೆ ಎಂದೆ,
ಸ್ವಲ್ಪ ಚುಚ್ಚಿಯೇ ಎಂದೆ.
ಅವನು ಕೋಟಿನ ಒಳಜೇಬಿಗೆ ಕೈಹಾಕಿ
ಒಂದು ಸೋಪು ತೆಗೆದ. ನಮ್ಮದೇ;
ಒಣಗಿ ಬಿರಿದದ್ದು, ತಂಬಾಕಿನ ಎಳೆ ಮೆತ್ತಿಕೊಂಡದ್ದು.
ತೋಳಿಗೆ ಒರೆಸಿ ನನ್ನ ಅಂಗೈಯಲ್ಲಿಟ್ಟ.
"ತಗೋ," ಎಂದ. "ನಿನ್ನ ಹತ್ರ ಏನೂ ಇಲ್ಲವಲ್ಲ."
ಕೊಡುವವರ ಆ ಗತ್ತು, ಆ ಕರುಣೆ, ಕಣ್ಣಂಚಿನ ಆ ಸಣ್ಣ ಬಿಂಕ:
ಎಷ್ಟು ಗುರುವಾರ ತೊಟ್ಟಿದ್ದೆನೋ ನಾನು ಆ ಮುಖವನ್ನು.
ಎದುರಿನಿಂದ ನೋಡಿದ್ದು ಅದೇ ಮೊದಲು.

ಉಪಕಾರವಾಯಿತು ಎಂದೆ. ನಾಲಗೆ ತೊಡರಿತು.
ಅವನ ಕಾಲು ತೊಳೆದೆ.
ನೀರು ಹದವಾಗಿದೆಯೇ ಎಂದು ಕೇಳಿದೆ.
"ಇಲ್ಲ," ಎಂದ.

ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದಿದ್ದೇನೆ.
ಗಾಳಿ ಇನ್ನೂ ಕಿಟಕಿ ಬಡಿಯುತ್ತಿದೆ.
ಬೋಗುಣಿಯಲ್ಲಿ ಎರಡು ಪಾದ,
ಒಡೆದ ಹಿಮ್ಮಡಿ, ಒಳಕ್ಕೆ ಬೆಳೆದ ಒಂದು ಉಗುರು.
ನನ್ನವೇ. ಆದರೂ ಯಾರದೋ ಎಂಬಂತೆ
ದೀಪದ ಕಡೆಗೆ ತಿರುಗಿಸಿ ನೋಡುತ್ತೇನೆ.