ಉಂಗುರದ ಜೊತೆ ಬಕೆಟ್ಟು

ಹದಿನಾಲ್ಕು ತಿಂಗಳು ಚೀಟಿ ಕಟ್ಟಿದ್ದೆ.
ಹಾಸನದ ಕೋರ್ಟಿನೆದುರು ಹೊಂಗೆಮರದಡಿ
ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ
ಕುಟ್ಟಿ ಕುಟ್ಟಿ ಬೆರಳ ತುದಿ ಸವೆಸಿದ ದುಡ್ಡು.
‘ಸದರಿ ಷರತ್ತುಗಳನ್ನು ಓದಿ, ಓದಿಸಿ ಕೇಳಿ, ಒಪ್ಪಿ’
ಎಂದು ದಿನಕ್ಕೆ ಇಪ್ಪತ್ತು ಸಲ ಬೆರಳಚ್ಚು ಮಾಡುವ ನಾನು
ಬಿಲ್ಲಿನ ಬೆನ್ನು ತಿರುವಿ ನೋಡಲಿಲ್ಲ.

ಸಂತೇಪೇಟೆಯ ಕಾಳಾಚಾರಿ ಹತ್ತಿರ ಹೋಗೋಣವೆಂದೆ.
ಅಪ್ಪ ಗಾದೆ ತೆಗೆದರು:
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ.
ಬಿ.ಎಂ. ರೋಡಿನಲ್ಲಿ ಹೊಸದು ಎದ್ದಿದೆಯಲ್ಲ, ಗಾಜಿನದು, ನಾಲ್ಕಂತಸ್ತು,
ಅಲ್ಲಿ ಎಲ್ಲಕ್ಕೂ ಬೆಲೆ ಅಂಟಿಸಿರುತ್ತಾರೆ, ಮೋಸವಿಲ್ಲ.

ಮೋಸವಿರಲಿಲ್ಲ.
ಅದೇ ತೊಂದರೆ.

ನೆಲಮಹಡಿಯಲ್ಲಿ ಚಿನ್ನ. ಪಕ್ಕದಲ್ಲೇ ಕಾಲುಚೀಲ,
ಮೂರು ಜೊತೆಗೆ ತೊಂಬತ್ತೊಂಬತ್ತು.
ಆಚೆಗೆ ಕುಕ್ಕರುಗಳ ಗೋಪುರ.
ಜೋಳ ಸಿಡಿಯುವ ವಾಸನೆಯೊಳಗೆ ನಿಂತು
ಒಂದು ಬೆರಳನ್ನು ನೆನೆಯುತ್ತಿದ್ದೆ.
ಡೈರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರು ಇಳಿಬಿಟ್ಟು
ನೀರೆಷ್ಟು ಎಂದು ಹೇಳುವವನ ಬೆರಳು.
ಆಟವಾಡುವಂತೆ ಸುತ್ತಿ ಅಳೆದು ತಂದ ದಾರ
ಪರ್ಸಿನಲ್ಲಿ ಮುದುಡಿ ಮಲಗಿತ್ತು.

‘ದಾರ ಎಲ್ಲ ಬೇಡ ಮೇಡಂ, ನಂಬರ್ ಹೇಳಿ.’
ಹುಡುಗಿಯ ತಪ್ಪಲ್ಲ. ಬೆಳಗಿನಿಂದ ನಿಂತೇ ಇದ್ದಳು,
ಕೌಂಟರಿನ ಹಿಂದೆ ಚಪ್ಪಲಿ ಕಳಚಿ
ಒಂದು ಪಾದದ ಮೇಲೆ ಇನ್ನೊಂದು ಇಟ್ಟುಕೊಂಡು.
ನಂಬರು ಗೊತ್ತಿರಲಿಲ್ಲ. ‘ಸಾಮಾನ್ಯ ಇಪ್ಪತ್ತು ಇರುತ್ತೆ’ ಅಂದಳು.

ನಾನು ಏನೆಂದುಕೊಂಡಿದ್ದೆ?
ಚಾಪೆಯ ಮೇಲೆ ಕೂರಿಸುತ್ತಾರೆ,
ಗುಲಗಂಜಿ ಲೆಕ್ಕದಲ್ಲಿ ಮಾತಾಡುತ್ತಾರೆ,
ಒರೆಗಲ್ಲಿನ ಮೇಲೆ ಹಳದಿ ಗೀರೊಂದು ಎಳೆದು
ಕತ್ತೆತ್ತಿ, ‘ಯಾರಿಗಮ್ಮಾ?’ ಅನ್ನುತ್ತಾರೆ.
ಆಗ ನಾನು ನಾಚಿಕೊಳ್ಳಬಹುದು,
ಮೂವತ್ತಮೂರಕ್ಕೆ ಒಂದು ಸಲವಾದರೂ.

ಯಂತ್ರ ಕೀ ಎಂದಿತು, ಅಷ್ಟೇ.
ನನ್ನ ಹಿಂದಿನವರ ಟೂತ್‌ಪೇಸ್ಟಿಗೂ ಹಾಗೇ ಎಂದಿತು.
‘ಇಪ್ಪತ್ತು ಸಾವಿರ ದಾಟಿದ್ದಕ್ಕೆ ಬಕೆಟ್ ಫ್ರೀ, ನೀಲಿಯೋ ಕೆಂಪೋ?’
ನೀಲಿ ಅಂದೆ.
ನನ್ನ ಇಷ್ಟ ಕೇಳಿದ್ದು ಅದೊಂದಕ್ಕೇ.

ನಿಶ್ಚಿತಾರ್ಥದ ದಿನ ಉಂಗುರ ಸರಾಗ ಏರಿತು,
ಸರಾಗ ಇಳಿಯಿತು ಕೂಡ.
ಚಿಕ್ಕಮ್ಮ ಒಳಸುತ್ತಿಗೆ ದಾರ ಸುತ್ತಿ ಬಿಗಿ ಮಾಡಿದರು.
ಅದೇ ದಾರ.

ಹದಿನೇಳನೆಯ ದಿನ ಹಾಲಿನ ಕ್ಯಾನು ಎತ್ತುವಾಗ ಸೊಟ್ಟಗಾಯಿತು.
ಒಳಗೆಲ್ಲ ಟೊಳ್ಳು.
ಕೌಂಟರಿನಲ್ಲಿ ಈ ಸಲ ಬೇರೆ ಹುಡುಗಿ.
‘ಲೈಟ್‌ವೇಟ್ ಮಾಡೆಲ್ ಮೇಡಂ, ಆರನೇ ಸಾಲು ನೋಡಿ.
ಕಂಪನಿಗೆ ಕಳಿಸಬೇಕು. ಮೇಕಿಂಗ್ ಚಾರ್ಜ್ ವಾಪಸ್ ಬರಲ್ಲ.’
ನೋಡಿದೆ. ಓದಿ, ಕೇಳಿ, ಒಪ್ಪಿದೆ.

ಧರಣೇಂದ್ರ ನಕ್ಕ.
‘ಹಾಲು ಚೆನ್ನಾಗಿದೆ, ಪಾತ್ರೆ ತೆಳು’ ಅಂದ,
ಗಾಜಿನ ನಳಿಗೆಯ ಕತ್ತಿಗೆ ತೊಡಿಸಿ
ತಿರುಗಿಸಿ ತಿರುಗಿಸಿ ದುಂಡಗೆ ಮಾಡಲು ನೋಡಿದ.
ನನಗೆ ಅವನು ನಗಬಾರದಿತ್ತು.
ಸ್ವಲ್ಪ ರೇಗಬೇಕಿತ್ತು, ಅಂಗಡಿಯ ಮೇಲಾದರೂ, ನನ್ನ ಮೇಲಾದರೂ.
ಎರಡು ದಿನ ಫೋನು ಎತ್ತಲಿಲ್ಲ ನಾನು.

ಬಕೆಟ್ಟು ಗಟ್ಟಿಯಾಗಿದೆ, ಹೇಳಬೇಕು.
ಅಮ್ಮ ಅದರಲ್ಲಿ ಕಂಬಳಿ ನೆನೆಹಾಕುತ್ತಾಳೆ.

ಕೊನೆಗೆ ಅಪ್ಪನಿಗೆ ಹೇಳದೆ ಸಂತೇಪೇಟೆಗೆ ಹೋದೆ.
ಕಾಳಾಚಾರಿ ದಾರ ಬಿಚ್ಚಿ ಪಕ್ಕಕ್ಕಿಟ್ಟು
ಉಂಗುರವನ್ನು ಅಂಗೈಯಲ್ಲಿ ಎರಡು ಸಲ ತೂಗಿದರು.
ಕತ್ತೆತ್ತಿದರು.
ನಾನು ಸೆರಗು ಸರಿಮಾಡಿಕೊಂಡೆ.

‘ಎಲ್ಲಿ ತಗೊಂಡ್ರಮ್ಮಾ ಇದನ್ನ?’

ಮೈಸೂರಲ್ಲಿ, ಅಂದೆ.